ತಟ್ಟೆಯ ಮೇಲೆ ಉಳಿದ ದನಿ

(ಬಾನುಲಿ ಭಾಷಣ)

ಬಳ್ಳಾರಿಗೆ ಈಶಾನ್ಯದಲ್ಲಿ, ಹಗರಿ ಹೊಳೆಯ ಸಮೀಪದಲ್ಲಿ, ಮೋಕ ಎಂಬ ಊರಿದೆ. ನಾನು ಬೆಳೆದದ್ದು ಆ ಊರಿನಲ್ಲಿ. 1960ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಬಳ್ಳಾರಿಯಿಂದ ಮೈಕ್‌ಸೆಟ್ಟಿನವನು ಬರಬೇಕು. ಬೇವಿನ ಮರದ ಕೊಂಬೆಗೆ ಕಹಳೆಯಂಥ ಲೌಡ್‌ಸ್ಪೀಕರನ್ನು ಕಟ್ಟಿ, ಕೆಳಗೆ ಚಪ್ಪರದ ಮೂಲೆಯಲ್ಲಿ ಅವನು ತನ್ನ ಪೆಟ್ಟಿಗೆಯನ್ನು ಬಿಚ್ಚುತ್ತಿದ್ದ. ಹುಡುಗರಾದ ನಮಗೆ ಮದುವೆಯ ಊಟಕ್ಕಿಂತ ಆ ಪೆಟ್ಟಿಗೆಯ ಮೇಲೆಯೇ ಕಣ್ಣು. ಕರಿಯ ತಟ್ಟೆ, ಅದರ ನಡುವೆ ದುಂಡನೆಯ ಬಣ್ಣದ ಕಾಗದ, ಕಾಗದದ ಮೇಲೆ ಕಹಳೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿ. ತಟ್ಟೆ ತಿರುಗಿದರೆ ನಾಯಿಯೂ ತಿರುಗುತ್ತಿತ್ತು. ಗ್ರಾಮಫೋನ್, ಧ್ವನಿಮುದ್ರಿಕೆ ಎಂಬ ಮಾತುಗಳೆಲ್ಲ ನಮಗೆ ತಿಳಿದದ್ದು ಅನಂತರ. ಊರಿನಲ್ಲಿ ಅದಕ್ಕೆ ‘ಪ್ಲೇಟು’ ಎಂದೇ ಹೆಸರು.

ಅಂಥ ಒಂದು ಮದುವೆಯಲ್ಲಿ ನನ್ನ ಅಜ್ಜಿ ಬಹಳ ಹೊತ್ತು ಆ ಪೆಟ್ಟಿಗೆಯ ಬಳಿ ನಿಂತಿದ್ದಳು. ಕೊನೆಗೆ ನನ್ನನ್ನು ಕರೆದು, “ಇಷ್ಟು ಪದ ಹೇಳ್ತದಲ್ಲಪ್ಪಾ ಇದು, ನಮ್ಮ ಸೋಬಾನಿ ಪದ ಯಾಕ ಹೇಳಂಗಿಲ್ಲ?” ಎಂದು ಕೇಳಿದಳು. ನಾವೆಲ್ಲ ನಕ್ಕೆವು. ಮೈಕ್‌ಸೆಟ್ಟಿನವನೂ ನಕ್ಕ. ಹಸೆಯ ಮುಂದೆ ಕುಳಿತು ಸೋಬಾನೆ ಹೇಳುವ ಹೆಂಗಸರ ದನಿ ಆ ದಿನ ಲೌಡ್‌ಸ್ಪೀಕರಿನ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ.

ಅಜ್ಜಿಯ ಪ್ರಶ್ನೆ ನಗುವಂಥದಲ್ಲ ಎಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ಯಾರ ದನಿ ತಟ್ಟೆಯ ಮೇಲೆ ಬರುತ್ತದೆ? ಯಾರದು ಬರುವುದಿಲ್ಲ? ಬಂದುದರಲ್ಲಿ ಯಾವುದು ಉಳಿಯುತ್ತದೆ, ಉಳಿಸುವವರು ಯಾರು? ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವುದು ಈ ವಿಚಾರವನ್ನು.

ಮೊದಲು ತಟ್ಟೆ ಹೇಗೆ ಸಿದ್ಧವಾಗುತ್ತಿತ್ತು ಎಂಬುದನ್ನು ನೋಡೋಣ. ಅಜ್ಜಿಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇದೆ. 1877ರಲ್ಲಿ ಎಡಿಸನ್ ಮನುಷ್ಯನ ದನಿಯನ್ನು ಒಂದು ಉರುಳೆಯ ಮೇಲೆ ಹಿಡಿದ. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಎಮಿಲ್ ಬರ್ಲಿನರ್ ಎಂಬಾತ ಉರುಳೆಯ ಬದಲಿಗೆ ಚಪ್ಪಟೆಯ ತಟ್ಟೆಯನ್ನು ತಂದ. ತಟ್ಟೆಯ ಹೆಚ್ಚುಗಾರಿಕೆಯಿದ್ದುದು ಅಚ್ಚು ಹಾಕುವ ಸೌಕರ್ಯದಲ್ಲಿ. ಗಾಯಕ ಕಹಳೆಯೊಳಗೆ ಹಾಡುತ್ತಾನೆ. ದನಿಯ ಅಲುಗಿಗೆ ತಕ್ಕಂತೆ ಸೂಜಿ ಮೇಣದ ಮೇಲೆ ಗೀರು ಕೊರೆಯುತ್ತದೆ. ಆ ಮೇಣದ ಮೇಲೆ ವಿದ್ಯುತ್ತಿನ ನೆರವಿನಿಂದ ಲೋಹದ ಪೊರೆಯನ್ನೇರಿಸಿ ಅಚ್ಚು ತೆಗೆಯುತ್ತಾರೆ. ಆ ಅಚ್ಚನ್ನು ಕಾದ ಅರಗಿನ ಮುದ್ದೆಯ ಮೇಲೆ ಒತ್ತಿದರೆ ತಟ್ಟೆ ಸಿದ್ಧವಾಗುತ್ತದೆ. ಈ ಅರಗು ಎಲ್ಲಿಯದೆಂದರೆ ನಮ್ಮದೇ. ಭಾರತದ ಕಾಡುಗಳಲ್ಲಿ ಮರದ ರೆಂಬೆಗಳ ಮೇಲೆ ಒಂದು ಸಣ್ಣ ಹುಳು ಸ್ರವಿಸುವ ಅಂಟು. ದುರ್ಯೋಧನ ಪಾಂಡವರಿಗಾಗಿ ಕಟ್ಟಿಸಿದ ಮನೆಯೂ ಇದರದೇ. ಅರಗಿಗೆ ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರೆಸಿ ಒತ್ತಿದ ಆ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಹಾಡಿಗೆ ಮಾತ್ರ ಎಡೆ.

ಇದರ ಲೆಕ್ಕಾಚಾರವನ್ನು ಗಮನಿಸಿ. ಮುದ್ರಕನ ಪ್ರಯಾಣ, ಗಾಯಕರ ಸಂಭಾವನೆ, ಮೇಣ, ಅಚ್ಚು, ಇವೆಲ್ಲ ಮೊದಲನೆಯ ತಟ್ಟೆಗೇ ಆಗಿಹೋಗುವ ಖರ್ಚು. ಎರಡನೆಯ ತಟ್ಟೆಗೆ ಬೀಳುವುದು ಹೆಚ್ಚುಕಡಿಮೆ ಅರಗಿನ ಬೆಲೆ ಮಾತ್ರ. ಆದುದರಿಂದ ಒಂದೇ ಹಾಡು ಸಾವಿರ ಮನೆಗಳಿಗೆ ಹೋದರೆ ಕಂಪನಿಗೆ ಲಾಭ. ಸಾವಿರ ಹಾಡು ಒಂದೊಂದು ಮನೆಗೆ ಹೋದರೆ ದಿವಾಳಿ. ಮೋಕದ ಸೋಬಾನೆ ಪದವನ್ನು ಹಣ ಕೊಟ್ಟು ಕೊಳ್ಳುವವರು ಎಷ್ಟು ಮಂದಿ? ಮೋಕದವರೇ ಕೊಳ್ಳುವುದಿಲ್ಲ, ಏಕೆಂದರೆ ಅದು ಅವರ ಮನೆಯಲ್ಲಿಯೇ ಇದೆ. ಕಂಪನಿಯವರು ಅಜ್ಜಿಯ ಪದವನ್ನು ಬಿಟ್ಟದ್ದು ದ್ವೇಷದಿಂದಲ್ಲ. ಅವರ ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಸಾಲು ಇರಲಿಲ್ಲ.

ಭಾರತಕ್ಕೆ ಈ ತಟ್ಟೆ ಬಂದ ಕಥೆ ಸ್ವಾರಸ್ಯವಾದುದು. 1902ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯವರು ಫ್ರೆಡ್ ಗೈಸ್‌ಬರ್ಗ್ ಎಂಬ ಮುದ್ರಕನನ್ನು ಪೂರ್ವದೇಶಗಳಿಗೆ ಕಳುಹಿಸಿದರು. ಆ ವರ್ಷದ ನವೆಂಬರಿನಲ್ಲಿ ಅವನು ಕಲಕತ್ತೆಯಲ್ಲಿ ಗೌಹರ್ ಜಾನ್ ಎಂಬ ಹೆಸರಾಂತ ಗಾಯಕಿಯ ದನಿಯನ್ನು ಮುದ್ರಿಸಿದ. ಮುದ್ರಣಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಗಳಾಗಿ, ಮರಳಿ ಇಲ್ಲಿನ ಅಂಗಡಿಗಳಿಗೆ ಬಂದವು. ಹ್ಯಾನೋವರಿನ ಕೆಲಸಗಾರರಿಗೆ ಇದು ಯಾರ ದನಿ ಎಂದು ತಿಳಿಯುವುದು ಹೇಗೆ? ಅದಕ್ಕಾಗಿ ಹಾಡು ಮುಗಿಯುತ್ತಲೇ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಸಾರುತ್ತಿದ್ದರು. ಇಂದಿಗೂ ಆ ತಟ್ಟೆಗಳ ಕೊನೆಯಲ್ಲಿ ಆ ಹೆಸರು ಕೇಳಿಸುತ್ತದೆ. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. ಭಾಷಣದ ಕೊನೆಗೆ ನನಗೆ ಅದು ಬೇಕಾಗುತ್ತದೆ. ಸಂಪತ್ತನ್ನೂ ಕೀರ್ತಿಯನ್ನೂ ಕಂಡಿದ್ದ ಅವರು ಇಳಿವಯಸ್ಸಿನಲ್ಲಿ, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದರು. 1930ರ ಜನವರಿ 17ರಂದು ತೀರಿಕೊಂಡದ್ದು ಮೈಸೂರಿನಲ್ಲಿಯೇ.

1908ರಲ್ಲಿ ಕಂಪನಿಯವರು ಕಲಕತ್ತೆಯ ಸಿಯಾಲ್ಡಾದಲ್ಲಿ ತಟ್ಟೆಯ ಕಾರ್ಖಾನೆಯನ್ನು ತೆರೆದರು. 1928ರಲ್ಲಿ ಅದಕ್ಕಿಂತ ದೊಡ್ಡದೊಂದನ್ನು ಡಂಡಂನಲ್ಲಿ ಕಟ್ಟಿದರು. 1932ರಲ್ಲಿ ಕಲಕತ್ತೆಯಲ್ಲಿ ಹಿಂದೂಸ್ಥಾನ್ ರೆಕಾರ್ಡ್ ಎಂಬ ದೇಶೀಯ ಸಂಸ್ಥೆ ಹುಟ್ಟಿ ರವೀಂದ್ರನಾಥ ಠಾಕೂರರ ದನಿಯನ್ನು ಹೊರತಂದದ್ದುಂಟು. ಆದರೂ ಬಹುಕಾಲ ನಾಯಿಯ ಚಿತ್ರದ ಕಂಪನಿಯದೇ ದೊಡ್ಡ ಕೈ.

ಆ ದೊಡ್ಡ ಕೈ ಕೊಟ್ಟದ್ದೂ ಉಂಟು, ಕಸಿದದ್ದೂ ಉಂಟು. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ತಟ್ಟೆಯೊಂದನ್ನು ಕೇಳಿ, ಆ ದನಿಯ ಗುಂಗಿನಲ್ಲಿ ಗುರುವನ್ನರಸುತ್ತ 1933ರಲ್ಲಿ ಮನೆ ಬಿಟ್ಟರೆಂಬುದು ಎಲ್ಲರಿಗೂ ತಿಳಿದ ಕಥೆ. ತಟ್ಟೆಯಿಲ್ಲದಿದ್ದರೆ ಆ ಹುಡುಗನಿಗೆ ಖಾನರ ದನಿ ತಲುಪುವ ಬಗೆಯೆಲ್ಲಿತ್ತು? 1942ರಲ್ಲಿ ಅವರದೇ ಮೊದಲ ತಟ್ಟೆ ಹೊರಬಂದಾಗ ಅದರಲ್ಲಿದ್ದವು ಕನ್ನಡ ಮತ್ತು ಹಿಂದಿಯ ಭಕ್ತಿಗೀತೆಗಳು. ಇನ್ನೊಂದು ಕಡೆ, ಧಾರವಾಡದ ಗಂಗೂಬಾಯಿ ಹಾನಗಲ್ಲರು 1930ರ ದಶಕದ ಮೊದಲಲ್ಲಿ ಮುದ್ರಣಕ್ಕೆ ಹೋದಾಗ ಕಂಪನಿಯವರು ಅವರನ್ನು ‘ಗಾಂಧಾರಿ’ ಎಂಬ ಹೆಸರಿನಿಂದ ಮಾರಿದರು. ಹಾಡಿದವರಿಗೆ ತಮ್ಮ ಹೆಸರಿನ ಮೇಲೂ ಹಕ್ಕಿರಲಿಲ್ಲವೆಂದಾಯಿತು.

ಮಾರುಕಟ್ಟೆಗೆ ಬೇಡವಾದ ದನಿಗೆ ಹಾಗಾದರೆ ಗತಿಯೇನು? ನಮ್ಮ ಸಂಸ್ಕೃತಿಗೆ ತಿಳಿದ ಹಳೆಯ ಉತ್ತರವೊಂದಿದೆ: ದೊರೆಯ ಆಶ್ರಯ. ಈ ಉತ್ತರದ ಕೊನೆಯ ಉದಾಹರಣೆಗಳಲ್ಲೊಂದು ನಮ್ಮ ಮೈಸೂರಿನದು. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬುದನ್ನು ನಾವೆಲ್ಲ ಬಲ್ಲೆವು. ಪಾಶ್ಚಾತ್ಯ ಸಂಗೀತದಲ್ಲಿಯೂ ಅವರಿಗೆ ಅಷ್ಟೇ ಆಳವಾದ ಅಭಿರುಚಿಯಿತ್ತು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ಕ್ರಾಂತಿಯ ಬಳಿಕ ದೇಶವನ್ನು ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿ, ಅನಾರೋಗ್ಯದಿಂದಲೂ ಬಡತನದಿಂದಲೂ ಕಾಲ ನೂಕುತ್ತಿದ್ದ. ಅವನ ಸಂಗೀತಕ್ಕೆ ಅಭಿಮಾನಿಗಳಿದ್ದರು, ಗಿರಾಕಿಗಳಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಹಾರಾಜರು ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಹಣ ಒದಗಿಸಿದರು. ಮೂರು ಸಂಪುಟಗಳು ಹೊರಬಂದವು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ಅವನು ತೀರಿಕೊಂಡ. ಅವನ ಬೆರಳುಗಳ ನುಡಿಸಾಣಿಕೆ ಇಂದಿಗೂ ಕೇಳಸಿಗುವುದಕ್ಕೆ ಬಹುಮಟ್ಟಿಗೆ ಕಾರಣ ಕಾವೇರಿ ಸೀಮೆಯ ಒಬ್ಬ ಅರಸರ ಔದಾರ್ಯ. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊತ್ತಮೊದಲು ಹಾಡಲ್ಪಟ್ಟಾಗಲೂ, ಅದರ ಮುದ್ರಣ ತಮಗೆ ಸಿಗಲೆಂದು 4,800 ಡಾಲರುಗಳ ಭರವಸೆ ಕೊಟ್ಟವರು ಇವರೇ. ಆ ಹೊತ್ತಿಗೆ ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂದು ಎಣಿಕೆ.

ಇದು ಹೆಮ್ಮೆಪಡಬೇಕಾದ ಸಂಗತಿ. ಆದರೆ ದೊರೆಯ ಕಿವಿಗೆ ಬಿದ್ದ ದನಿಗೆ ಮಾತ್ರ ದೊರೆಯ ಕೃಪೆ. ಅಲ್ಲದೆ ಆ ಹೊತ್ತಿಗೆ ದೊರೆತನದ ಕಾಲವೇ ಮುಗಿಯುತ್ತಿತ್ತು. ಮಹಾರಾಜರು ಮೆಟ್ನರನ ತಟ್ಟೆಗಳಿಗೆ ಹಣ ಕೊಡುತ್ತಿದ್ದ ಅದೇ ವರ್ಷಗಳಲ್ಲಿ ಸಾಗರದಾಚೆ, ನ್ಯೂಯಾರ್ಕ್ ನಗರದಲ್ಲಿ, ರಾಜ್ಯವೂ ಹಣವೂ ಇಲ್ಲದ ಒಬ್ಬ ಮನುಷ್ಯ ಇದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ಹುಡುಕುತ್ತಿದ್ದ. ಅವನ ಹೆಸರು ಮೋಸೆಸ್ ಆಶ್.

ಆಶ್ ಹುಟ್ಟಿದ್ದು 1905ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ. ತಂದೆ ಶೋಲೆಮ್ ಆಶ್ ಯಿಡ್ಡಿಷ್ ಭಾಷೆಯ ಪ್ರಸಿದ್ಧ ಕಾದಂಬರಿಕಾರ. ಯಿಡ್ಡಿಷ್ ಎಂಬುದು ಪೂರ್ವ ಯೂರೋಪಿನ ಯಹೂದಿಗಳ ಮನೆಮಾತು. ರಾಜ್ಯವಿಲ್ಲದ, ರಾಜಧಾನಿಯಿಲ್ಲದ ಭಾಷೆ. ಮಗ ಜರ್ಮನಿಯಲ್ಲಿ ರೇಡಿಯೊ ತಂತ್ರವನ್ನು ಕಲಿತು, ನ್ಯೂಯಾರ್ಕಿನಲ್ಲಿ ಧ್ವನಿಯಂತ್ರಗಳ ಕೆಲಸ ಮಾಡುತ್ತಿದ್ದ. ದೊಡ್ಡ ಕಂಪನಿಗಳು ಚಿಕ್ಕ ಭಾಷೆಗಳ ಕಡೆ ನೋಡುತ್ತಿರಲಿಲ್ಲವಾಗಿ, 1940ರ ಸುಮಾರಿಗೆ ಅವನು ಮೊದಲು ಯಿಡ್ಡಿಷ್ ಹಾಡುಗಳ ತಟ್ಟೆಗಳನ್ನು ತಾನೇ ಹೊರತರತೊಡಗಿದ. ಆ ಕಾಲದಲ್ಲಿ ತಂದೆಯೊಡನೆ ಹೋಗಿ ವಿಜ್ಞಾನಿ ಐನ್‌ಸ್ಟೈನರ ಸಂದೇಶವೊಂದನ್ನು ಮುದ್ರಿಸಿದಾಗ, ಜಗತ್ತಿನ ದನಿಗಳನ್ನು ಕೂಡಿಡುವ ತನ್ನ ಬಯಕೆಗೆ ಅವರು ಪ್ರೋತ್ಸಾಹ ಕೊಟ್ಟರೆಂದು ಆಶ್ ಹೇಳಿಕೊಳ್ಳುತ್ತಿದ್ದ.

ಯುದ್ಧ ಬಂತು. ಭಾರತದಿಂದ ಅಮೆರಿಕಕ್ಕೆ ಅರಗು ಹೋಗುವುದು ಕಷ್ಟವಾಯಿತು. ಅಲ್ಲಿನ ಸರ್ಕಾರ ಅರಗಿಗೆ ಪಡಿತರ ಕಟ್ಟಿತು; ಹಳೆಯ ತಟ್ಟೆಗಳನ್ನು ಜನರಿಂದ ಕೊಂಡು, ಅರೆದು, ಅದರಿಂದ ಹೊಸ ತಟ್ಟೆ ಮಾಡುವ ಸ್ಥಿತಿ ಬಂತು. ಹೊಸ ದನಿಗೆ ಎಡೆ ಮಾಡಲು ಹಳೆಯ ದನಿಯನ್ನು ಪುಡಿಮಾಡಬೇಕು! ಸಣ್ಣವನಾದ ಆಶ್‌ಗೆ ಅರಗಿನ ಪಾಲು ಸಾಲಲಿಲ್ಲ. ಪಾಲು ಹೆಚ್ಚಿದ್ದ ಇನ್ನೊಬ್ಬ ವರ್ತಕನೊಡನೆ ಕೂಡಿಕೊಂಡು ಅವನು ಕೆಲಸವನ್ನು ಮುಂದುವರಿಸಿದ. ನಮ್ಮ ಕಾಡಿನ ಹುಳುವಿಗೂ ನ್ಯೂಯಾರ್ಕಿನ ಹಾಡಿಗೂ ಇಂಥ ನಂಟು.

1941ರಲ್ಲಿ ಲೆಡ್‌ಬೆಲಿ ಎಂಬ ಕರಿಯ ಗಾಯಕ, 1944ರಲ್ಲಿ ವುಡಿ ಗಥ್ರಿ ಎಂಬ ಅಲೆಮಾರಿ ಕವಿ ಅವನ ಮುದ್ರಣಶಾಲೆಗೆ ಬಂದರು. ಲೆಡ್‌ಬೆಲಿ ಸೆರೆಮನೆ ಕಂಡುಬಂದವನು. ಗಥ್ರಿ ಹೊಟ್ಟೆಪಾಡಿಗೆ ಊರೂರು ತಿರುಗಿದವನು. ಕೆಲವು ವಾರಗಳಲ್ಲಿ ನೂರಕ್ಕೂ ಮೇಲ್ಪಟ್ಟು ಹಾಡುಗಳನ್ನು ಹಾಡಿಬಿಟ್ಟ. ಮುಂದೆ ಗಥ್ರಿಯ ಹಾಡುಗಳ ಗುಂಗು ಹಿಡಿದ ತರುಣರಲ್ಲಿ ಬಾಬ್ ಡಿಲನ್ ಒಬ್ಬ. ಆ ಡಿಲನ್ 2016ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿಯನ್ನು ಪಡೆದದ್ದನ್ನು ತಾವು ಬಲ್ಲಿರಿ. ಆದರೆ 1940ರ ದಶಕದಲ್ಲಿ ಇವು ಮಾರುವ ಸರಕಾಗಿರಲಿಲ್ಲ. ಆಶ್ ಲಾಭದ ಆಸೆಗೆ ಬಿದ್ದು ದೊಡ್ಡ ತಟ್ಟೆಗಳ ವ್ಯಾಪಾರಕ್ಕೆ ಕೈಹಾಕಿ ದಿವಾಳಿಯಾದ.

1948ರಲ್ಲಿ ಅವನು ಮತ್ತೆ ಎದ್ದು ನಿಂತ. ಮೆರಿಯನ್ ಡಿಸ್ಟ್ಲರ್ ಎಂಬ ಸಹಾಯಕಿಯೊಡನೆ ‘ಫೋಕ್‌ವೇಸ್’ ಎಂಬ ಸಂಸ್ಥೆಯನ್ನು ಆರಂಭಿಸಿದ. ಈ ಸಲ ಅವನ ಲೆಕ್ಕಾಚಾರವೇ ಬೇರೆ. ಸಾವಿರಾರು ಪ್ರತಿಗಳನ್ನು ಒತ್ತಿ ಮಾರುಕಟ್ಟೆಗೆ ಸುರಿಯುವುದು ಬೇಡ. ಕೆಲವೇ ನೂರು ಪ್ರತಿ ಸಾಕು. ತೀರಿದರೆ ಮತ್ತೆ ಕೆಲವು ಒತ್ತಿದರಾಯಿತು. ಕವಚ ಸಾದಾ ಇರಲಿ. ಬೆಲೆ ಕೊಂಚ ಹೆಚ್ಚಿರಲಿ, ಬೇಕಾದವರು ಕೊಳ್ಳುತ್ತಾರೆ. ಶಾಲೆಗಳು, ಗ್ರಂಥಾಲಯಗಳು ಕೊಳ್ಳುತ್ತವೆ. ಆದರೆ ಪ್ರತಿಯೊಂದು ತಟ್ಟೆಯ ಜೊತೆಗೂ ಒಂದು ಪುಸ್ತಿಕೆ ಇರಲೇಬೇಕು: ಹಾಡಿದವರು ಯಾರು, ಎಲ್ಲಿಯವರು, ಹಾಡಿನ ಪಾಠವೇನು, ಅರ್ಥವೇನು. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇದು: ಒಮ್ಮೆ ಹೊರತಂದ ತಟ್ಟೆಯನ್ನು, ಅದು ಮಾರಲಿ ಬಿಡಲಿ, ಪಟ್ಟಿಯಿಂದ ತೆಗೆಯಕೂಡದು. ವರ್ಷಕ್ಕೆ ಒಂದೆರಡು ಪ್ರತಿ ಹೋಗುವ ತಟ್ಟೆಯನ್ನೂ ಏಕೆ ಇಟ್ಟಿದ್ದೀರಿ ಎಂದು ಕೇಳಿದರೆ, ಬಳಕೆ ಕಡಿಮೆಯೆಂದು ನಿಘಂಟಿನಿಂದ ಒಂದು ಅಕ್ಷರವನ್ನೇ ಕಿತ್ತುಹಾಕುವುದುಂಟೆ ಎಂಬುದು ಅವನ ವಾದ. ಕನ್ನಡ ಅಧ್ಯಾಪಕನಾದ ನನಗೆ ನಮ್ಮ ಙಕಾರ ಞಕಾರಗಳು ನೆನಪಾಗುತ್ತವೆ. ಯಾರೂ ಬರೆಯದಿದ್ದರೂ ಕಾಗುಣಿತದ ಹಲಗೆಯಲ್ಲಿ ಅವು ತಮ್ಮ ಸ್ಥಾನದಲ್ಲಿ ಕುಳಿತೇ ಇವೆ.

ಹೀಗೆ 1948ರಿಂದ 1986ರವರೆಗೆ ಅವನು ಹೊರತಂದ ತಟ್ಟೆಗಳು 2,168. ಅದರಲ್ಲಿ ಏನಿಲ್ಲ? ಹಲವು ದೇಶಗಳ ಜನಪದ ಗೀತೆಗಳು, ಕವಿಗಳ ವಾಚನ, ಮಕ್ಕಳ ಹಾಡು, ಚಳವಳಿಯ ಹಾಡು. ಅಷ್ಟೇ ಅಲ್ಲ, ಉತ್ತರ ಅಮೆರಿಕದ ಕಪ್ಪೆಗಳ ಕೂಗಿಗೇ ಒಂದು ತಟ್ಟೆ, ಕಚೇರಿಯ ಸದ್ದುಗಳಿಗೆ ಇನ್ನೊಂದು. 1952ರಲ್ಲಿ ಹ್ಯಾರಿ ಸ್ಮಿತ್ ಎಂಬ ಸಂಗ್ರಾಹಕ ಹಳೆಯ ತಟ್ಟೆಗಳಿಂದ ಆರಿಸಿದ 84 ಹಾಡುಗಳ ಸಂಕಲನವೊಂದನ್ನು ಆಶ್ ಪ್ರಕಟಿಸಿದ. 1920ರ ದಶಕದ ಕೊನೆಯಲ್ಲಿ ದೊಡ್ಡ ಕಂಪನಿಗಳು ಮುದ್ರಿಸಿ, ಮಾರಿ, ಮರೆತುಬಿಟ್ಟಿದ್ದ ಹಳ್ಳಿಗಾಡಿನ ಗಾಯಕರ ದನಿಗಳವು. ಅಮೆರಿಕದ ಒಂದು ತಲೆಮಾರು ತನ್ನ ದೇಶದ ಹಾಡನ್ನು ಕಲಿತದ್ದು ಆ ಸಂಕಲನದಿಂದ.

ಆಶ್ ಋಷಿಯೇನೂ ಅಲ್ಲ. ಆ 84 ಹಾಡುಗಳಿಗೆ ಅವನು ಮೂಲ ಕಂಪನಿಗಳ ಅಪ್ಪಣೆಯನ್ನು ಕೇಳಿರಲಿಲ್ಲ. ಹಾಡಿದವರಿಗೆ ಅವನು ಕೊಟ್ಟ ಹಣ ಅಲ್ಪವೆಂಬ ಗೊಣಗಾಟ ಕೊನೆಯವರೆಗೂ ಇತ್ತು. ಅವರ ದನಿಯನ್ನು ಬದುಕಿಸಿದ. ಅವರ ಹೊಟ್ಟೆಯ ಕಡೆ ಅಷ್ಟಾಗಿ ನೋಡಲಿಲ್ಲ. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳಬೇಕಾಗಿಲ್ಲ. 1986ರಲ್ಲಿ ಅವನು ತೀರಿಕೊಂಡ ಮೇಲೆ, ಅಮೆರಿಕದ ರಾಷ್ಟ್ರೀಯ ಸಂಗ್ರಹಾಲಯವಾದ ಸ್ಮಿತ್ಸೋನಿಯನ್ ಸಂಸ್ಥೆ 1987ರಲ್ಲಿ ಫೋಕ್‌ವೇಸನ್ನು ತನ್ನದಾಗಿ ಮಾಡಿಕೊಂಡಿತು. ಅದರ ಷರತ್ತು ಇಷ್ಟೇ: ಪಟ್ಟಿಯಲ್ಲಿರುವ ಯಾವೊಂದು ಮುದ್ರಿಕೆಯೂ ಕೇಳಿದವರಿಗೆ ಇಲ್ಲವೆನ್ನಬಾರದು. ಕಪ್ಪೆಯ ಕೂಗೂ ಸೇರಿದಂತೆ ಆ ಪಟ್ಟಿ ಇಂದಿಗೂ ಲಭ್ಯವಿದೆ.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡಕ್ಕೆ ಇಂಥ ಬಿಡುಗಡೆಯನ್ನು ತಂದದ್ದು ತಟ್ಟೆಯಲ್ಲ, ಕ್ಯಾಸೆಟ್ಟು. ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿಗೆ ಅಚ್ಚು ಬೇಡ, ಅರಗು ಬೇಡ, ಡಂಡಂನಂಥ ಕಾರ್ಖಾನೆಯೂ ಬೇಡ. ಒಂದು ಕೋಣೆಯಲ್ಲಿ ನಾಲ್ಕಾರು ಯಂತ್ರಗಳನ್ನಿಟ್ಟುಕೊಂಡು ಪ್ರತಿಗಳನ್ನು ತೆಗೆಯಬಹುದು. ಒಂದು ಮಗ್ಗುಲಿಗೆ ಮೂರು ನಿಮಿಷವಲ್ಲ, ಮೂವತ್ತು ನಿಮಿಷ. ಹಿಂದೆ ಹೇಳಿದ ಲೆಕ್ಕಾಚಾರವೇ ಬದಲಾಯಿತು. ಬೆಂಗಳೂರಿನಲ್ಲಿ ಸಂಗೀತಾ, ಲಹರಿ ಮುಂತಾದ ಸಂಸ್ಥೆಗಳ ಕ್ಯಾಸೆಟ್ಟುಗಳು ಬಸ್ ನಿಲ್ದಾಣದ ಅಂಗಡಿಗಳಲ್ಲಿ ತೂಗಾಡತೊಡಗಿದವು. ನಾಟಕ, ಹರಿಕಥೆ, ಭಕ್ತಿಗೀತೆ, ಎಲ್ಲಕ್ಕೂ ಎಡೆ ದೊರೆಯಿತು.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ವಿಶೇಷವಾಗಿ ನೆನೆಯಬೇಕಾದದ್ದು 1978ನ್ನು. ಆ ವರ್ಷ ಕೆ. ಎಸ್. ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟು ಹೊರಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಎಂದು ಅದಕ್ಕೆ ಹೆಸರು. ಕಾಳಿಂಗರಾಯರು ಅದಕ್ಕೂ ಮೊದಲೇ ಕವಿತೆಯನ್ನು ಹಾಡಾಗಿಸಿ ನಾಡನ್ನು ಸುತ್ತಿದ್ದರು. ಈಗ ಕವಿತೆ ಅಂಗಡಿಯಲ್ಲಿ ಕೈಗೆ ಸಿಗುವಂತಾಯಿತು. ಬಳಿಕ ಸಿ. ಅಶ್ವತ್ಥರ ಕಂಠದಲ್ಲಿ ಶಿಶುನಾಳ ಶರೀಫರ ತತ್ತ್ವಪದಗಳು, ಕೆ. ಎಸ್. ನರಸಿಂಹಸ್ವಾಮಿಯವರ ಗೀತೆಗಳು ಮನೆಮನೆಯನ್ನು ಹೊಕ್ಕವು. ತರಗತಿಯಲ್ಲಿ ಶರೀಫರ ಪದವೊಂದನ್ನು ನಾನು ಬಿಡಿಸಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗ ಅದನ್ನು ಮೆಲ್ಲನೆ ಗುನುಗಿದ್ದುಂಟು. ಅವನು ಪುಸ್ತಕವನ್ನು ತೆರೆದೇ ಇರಲಿಲ್ಲ. ಪದ ಮಾತ್ರ ಅವನಿಗೆ ಬರುತ್ತಿತ್ತು.

1987ರಲ್ಲಿ ‘ಪ್ರೇಮಲೋಕ’ ಚಿತ್ರದ ಹಂಸಲೇಖರ ಹಾಡುಗಳನ್ನು ಹೊರತಂದ ಲಹರಿ ಸಂಸ್ಥೆ ದೊಡ್ಡ ಹೆಸರಾಯಿತು. 2022ರಲ್ಲಿ ಅದೇ ಲಹರಿಯಿಂದ ಹೊರಬಂದ, ಬೆಂಗಳೂರಿನ ರಿಕಿ ಕೇಜ್ ಮತ್ತು ಅಮೆರಿಕದ ಸ್ಟುವರ್ಟ್ ಕೋಪ್‌ಲ್ಯಾಂಡ್ ಕೂಡಿ ರಚಿಸಿದ ‘ಡಿವೈನ್ ಟೈಡ್ಸ್’ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು. ಆ ಪ್ರಶಸ್ತಿಯ ಆಕಾರ ಒಂದು ಪುಟ್ಟ ಗ್ರಾಮಫೋನು. ಗೈಸ್‌ಬರ್ಗ್ ಕಲಕತ್ತೆಗೆ ಹೊತ್ತು ತಂದ ಕಹಳೆ ನೂರಿಪ್ಪತ್ತು ವರ್ಷಗಳ ಮೇಲೆ ಚಿನ್ನದ ಬಣ್ಣ ತಳೆದು ಬೆಂಗಳೂರಿಗೆ ಬಂದಂತಾಯಿತು.

ಆದರೆ ಕ್ಯಾಸೆಟ್ಟಿನಲ್ಲಿ ಇನ್ನೊಂದು ಗುಣವಿತ್ತು. ತಟ್ಟೆಯ ಮೇಲೆ ಬರೆದುದನ್ನು ಅಳಿಸಲಾಗದು. ಕ್ಯಾಸೆಟ್ಟಿನ ಮೇಲೆ ಎಷ್ಟು ಸಲ ಬೇಕಾದರೂ ಅಳಿಸಿ ಬರೆಯಬಹುದು. ಇಲ್ಲಿ ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, 1983ರಲ್ಲಿ, ಗೆಳೆಯನೊಬ್ಬನ ಟೇಪ್‌ರಿಕಾರ್ಡರನ್ನು ಎರವಲು ಪಡೆದು ನಾನು ಮೋಕಕ್ಕೆ ಹೋದೆ. ಅಜ್ಜಿಗೆ ಆಗ ಎಂಬತ್ತರ ಸಮೀಪ. ಡಬ್ಬಿಯನ್ನು ಮುಂದಿಟ್ಟಾಗ, “ಇದು ನನ್ನ ದನಿ ನುಂಗಿಬಿಡ್ತದೇನಪ್ಪಾ?” ಎಂದು ಕೇಳಿದಳು. ಇಲ್ಲಜ್ಜಿ, ಇಟ್ಟುಕೊಳ್ಳುತ್ತದೆ ಎಂದೆ. ಒಂದು ಗಂಟೆಯ ಕ್ಯಾಸೆಟ್ಟು ತುಂಬ ಹಾಡಿದಳು. ಬೀಸುವ ಪದ, ಸೋಬಾನೆ, ಜೋಗುಳ. ನಡುನಡುವೆ ನಮ್ಮ ಗಡಿನಾಡಿನ ರೂಢಿಯಂತೆ ತೆಲುಗು ಸೇರಿದ ಒಂದೆರಡು ಹಾಡು. ಕ್ಯಾಸೆಟ್ಟನ್ನು ಬಳ್ಳಾರಿಯ ಮನೆಗೆ ತಂದು ಉಳಿದ ಕ್ಯಾಸೆಟ್ಟುಗಳ ಜೊತೆಗೆ ಇಟ್ಟೆ. ಮೇಲೆ ಏನನ್ನೂ ಬರೆಯಲಿಲ್ಲ. ಮರೆಯುವ ಮಾತೇ ಇಲ್ಲವೆಂಬ ಭರವಸೆ.

1986ರಲ್ಲಿ ಅಜ್ಜಿ ತೀರಿಕೊಂಡಳು. ಆ ಕಾಲದಲ್ಲಿ ಹಳೆಯ ಕ್ಯಾಸೆಟ್ಟನ್ನೂ ಹಾಡಿನ ಪಟ್ಟಿಯನ್ನೂ ಕೊಟ್ಟರೆ ಬೇಕಾದ ಸಿನಿಮಾ ಹಾಡುಗಳನ್ನು ತುಂಬಿಕೊಡುವ ಅಂಗಡಿಗಳಿದ್ದುವಷ್ಟೆ. 1988ರಲ್ಲಿ ಒಂದು ದಿನ ಐದಾರು ಕ್ಯಾಸೆಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಕೊಟ್ಟುಬಂದೆ. ಅದರಲ್ಲಿ ಅದೂ ಹೋಯಿತು. ತಿಳಿದದ್ದು ಮರುವರ್ಷ, ತಂಗಿ ಬಂದು ಅಜ್ಜಿಯ ಪದ ಕೇಳಬೇಕೆಂದಾಗ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ಏನನ್ನೂ ತುಂಬಲು ಯಂತ್ರ ಬಿಡುವುದಿಲ್ಲ. ಕಂಪನಿಗಳು ಮಾರುವ ಕ್ಯಾಸೆಟ್ಟುಗಳಿಗೆ ಆ ಹಲ್ಲು ಇರುತ್ತಿರಲಿಲ್ಲ. ಹಾಗೆ ಮುರಿಯಲು ಉಗುರಿನ ಒಂದು ಚಿಟಿಕೆ ಸಾಕಿತ್ತು. ನಾನು ಮುರಿದಿರಲಿಲ್ಲ. ಅಂಗಡಿಯವನದು ತಪ್ಪಿಲ್ಲ, ಹೆಸರಿಲ್ಲದ ಕ್ಯಾಸೆಟ್ಟು ಅವನ ಪಾಲಿಗೆ ಖಾಲಿ ಕ್ಯಾಸೆಟ್ಟು.

ಎರಡನೆಯ ಮಗ್ಗುಲಿನ ಕೊನೆಯ ಸಿನಿಮಾ ಹಾಡು ಮುಗಿದ ಮೇಲೆ ಸುರುಳಿಯಲ್ಲಿ ಸ್ವಲ್ಪ ಎಡೆ ಉಳಿದಿತ್ತು. ಅಲ್ಲಿ ಅಜ್ಜಿಯ ದನಿ ಇನ್ನೂ ಇದೆ, ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಜೋಗುಳದ ಕೊನೆಯ ತುಣುಕು, ಒಂದು ಕೆಮ್ಮು, ಆಮೇಲೆ “ಆತೇನಪ್ಪಾ?” ಎಂಬ ಪ್ರಶ್ನೆ. ಅಷ್ಟೇ.

1977ರಲ್ಲಿ ಅಮೆರಿಕದವರು ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವಿರುವ ತಾಮ್ರದ ತಟ್ಟೆಯೊಂದನ್ನು ಇಟ್ಟಿದ್ದಾರೆ. ಅದೂ ಗ್ರಾಮಫೋನ್ ತಟ್ಟೆಯೇ. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡದ್ದೂ ಇದೆ; ಹಾಡುಗಳಲ್ಲಿ ಕೇಸರಬಾಯಿ ಕೇರ್ಕರರದಿದೆ. ಆ ನೌಕೆಗಳು ಗ್ರಹಗಳನ್ನೆಲ್ಲ ದಾಟಿ ನಕ್ಷತ್ರಗಳ ನಡುವಿನ ಬಯಲಿಗೆ ಹೋಗಿವೆ. ಕನ್ನಡದ ಒಂದು ದನಿ ಅಲ್ಲಿ ಕ್ಷೇಮವಾಗಿದೆ. ಮೋಕದ ಸೋಬಾನೆ ಪದವನ್ನು ಬಳ್ಳಾರಿಯವರೆಗೆ ತಂದ ನಾನು ಅದನ್ನು ಐದು ವರ್ಷ ಕಾಯಲಾರದೆ ಹೋದೆ.

ಮುದ್ರಿಸುವುದು ಬೇರೆ, ಕಾಯುವುದು ಬೇರೆ ಎಂಬುದನ್ನು ನಾನು ಕಲಿತದ್ದು ಹೀಗೆ. ಇಂದು ಮುದ್ರಿಸುವ ಯಂತ್ರ ಎಲ್ಲರ ಜೇಬಿನಲ್ಲಿದೆ. ಅಜ್ಜಿಯ ಪದವನ್ನು ಹಿಡಿಯಲು ಗೈಸ್‌ಬರ್ಗ್ ಬರಬೇಕಾಗಿಲ್ಲ, ಮಹಾರಾಜರು ಹಣ ಕೊಡಬೇಕಾಗಿಲ್ಲ. ಆದರೆ ಜೇಬಿನ ಫೋನು ಕೈಬದಲಾದಾಗ, ಕೆಟ್ಟಾಗ, ಅದರಲ್ಲಿದ್ದ ದನಿಗಳು ಎಲ್ಲಿಗೆ ಹೋಗುತ್ತವೆಂದು ನಾವು ಕೇಳಿಕೊಳ್ಳುವುದಿಲ್ಲ. ಆಶ್ ಮಾಡಿದ ಕೆಲಸದಲ್ಲಿ ಯಂತ್ರದ ಪಾಲಿಗಿಂತ ಹೆಸರು ಬರೆದಿಡುವ, ಪುಸ್ತಿಕೆ ಸೇರಿಸುವ, ಪಟ್ಟಿಯಿಂದ ತೆಗೆಯದಿರುವ ಪಾಲೇ ದೊಡ್ಡದು. ಅದಕ್ಕೆ ಬೇಕಾದದ್ದು ಒಬ್ಬ ಗುಮಾಸ್ತನ ತಾಳ್ಮೆ.

ಕೇಳುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ, ಊರಿನಲ್ಲಿ, ಪದ ಬಲ್ಲ ಹಿರಿಯರು ಇನ್ನೂ ಇದ್ದರೆ ಈ ವಾರವೇ ಅವರ ಮುಂದೆ ಕುಳಿತುಕೊಳ್ಳಿ. ಮುದ್ರಿಸುವ ಮೊದಲು, ಗೌಹರ್ ಜಾನ್ ಮಾಡುತ್ತಿದ್ದಂತೆ, ಅವರ ಹೆಸರನ್ನೂ ಊರನ್ನೂ ಅವರ ಬಾಯಿಂದಲೇ ಹೇಳಿಸಿ. ದಿನವನ್ನು ನೀವು ಹೇಳಿ. ಪದದ ಪಾಠವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದು ಬೇರೆ ಊರಿನ ನೆಂಟರಲ್ಲಿ, ಮತ್ತೊಂದು ಸಾಧ್ಯವಾದರೆ ಒಂದು ಗ್ರಂಥಾಲಯದಲ್ಲಿ ಅಥವಾ ವಿಶ್ವವಿದ್ಯಾಲಯದಲ್ಲಿ.

ಆ ಕ್ಯಾಸೆಟ್ಟು ಈಗಲೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಅದರ ಹಲ್ಲುಗಳನ್ನು ಮುರಿದಿದ್ದೇನೆ. ಮೇಲೆ ಅಜ್ಜಿಯ ಹೆಸರು, ಮೋಕ, 1983 ಎಂದು ಬರೆದು ಅಂಟಿಸಿದ್ದೇನೆ.